ವಾರ್ತಾಚಿತ್ರದ ಹಸ್ತಲಾಘವ

ಸಿನಿಮಾ ಆರಂಭವಾಗುವ ಮುನ್ನ ತೆರೆಯ ಮೇಲೆ ಮೂಡುತ್ತಿದ್ದ ವಾರ್ತಾಚಿತ್ರವನ್ನು ಇಂದಿನ ತರುಣರು ಕಂಡಿರಲಾರರು. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಷನ್ ಅವನ್ನು ತಯಾರಿಸುತ್ತಿತ್ತು, ಪ್ರದರ್ಶನ ಕಡ್ಡಾಯವಾಗಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅಲ್ಲಿಯವರೆಗೆ ನಮ್ಮ ಹೆಬ್ಬಗೋಡಿ, ಆನೇಕಲ್ ಸೀಮೆಯವರು ಲೋಕನಾಯಕರು ನಡೆದಾಡುವುದನ್ನು ನೋಡಬೇಕಾದರೆ ಟೆಂಟ್ ಸಿನಿಮಾಕ್ಕೇ ಹೋಗಬೇಕಿತ್ತು.

1971ನೆಯ ವರ್ಷವನ್ನೇ ತೆಗೆದುಕೊಳ್ಳೋಣ. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಆಗಸ್ಟ್ 9ರಂದು ದೆಹಲಿಯಲ್ಲಿ ಸ್ವರಣ್ ಸಿಂಗ್ ಮತ್ತು ಗ್ರೊಮಿಕೊ ಭಾರತ–ಸೋವಿಯತ್ ಮೈತ್ರಿ ಒಪ್ಪಂದಕ್ಕೆ ಸಹಿ ಮಾಡಿದರು. ಅಕ್ಟೋಬರ್ ಕೊನೆಯಲ್ಲಿ ಪಾಶ್ಚಾತ್ಯ ದೇಶಗಳ ಪ್ರವಾಸಕ್ಕೆ ಹೊರಟ ಇಂದಿರಾ ಗಾಂಧಿಯವರು ನವೆಂಬರ್ 4ರಂದು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ನಿಕ್ಸನ್ನರನ್ನು ಭೇಟಿಯಾದರು.

ಇಂಥ ಪ್ರಸಂಗಗಳಲ್ಲಿ ಕ್ಯಾಮೆರಾಕ್ಕೆ ದಕ್ಕುವುದು ಗೌರವರಕ್ಷೆ, ಹಸ್ತಲಾಘವ, ಮುಗುಳ್ನಗೆ. ಬಾಗಿಲು ಮುಚ್ಚಿದ ಮೇಲಿನ ಮಾತು ದಕ್ಕದು. ಮರುದಿನ ಬೆಳಿಗ್ಗೆ ನಿಕ್ಸನ್ ಮತ್ತು ಕಿಸಿಂಜರ್ ಇಂದಿರಾ ಅವರನ್ನು ಹೀನಾಯವಾಗಿ ನಿಂದಿಸಿದ್ದು ಶ್ವೇತಭವನದ ಧ್ವನಿಸುರುಳಿಯಲ್ಲಿ ದಾಖಲಾಗಿತ್ತು. ಅಮೆರಿಕ ಸರ್ಕಾರ ಅದರ ಲಿಖಿತ ರೂಪವನ್ನು ಪ್ರಕಟಿಸಿದ್ದು 2005ರಲ್ಲಿ. ಭೇಟಿಯಾಗಿ ತಿಂಗಳು ತುಂಬುವ ಮೊದಲೇ, ಡಿಸೆಂಬರ್ 3ರಂದು, ಯುದ್ಧ ಆರಂಭವಾಯಿತು.

ವಾರ್ತಾಚಿತ್ರ ಸುಳ್ಳಾಡಿತೆಂದು ನಾನು ಹೇಳುವುದಿಲ್ಲ. ಕೈಕುಲುಕಿದ್ದು ನಿಜ, ನಕ್ಕದ್ದೂ ನಿಜ. ಆದರೆ ಚಿತ್ರವನ್ನು ತೆಗೆದವರಾರು, ಏಕೆ ತೆಗೆದರು, ಬಿಟ್ಟುಹೋದದ್ದೇನು ಎಂದು ಕೇಳದೆ ಇತಿಹಾಸ ಕೈಗೆಟುಕದು. ಇಂದು ಮೊಬೈಲಿನಲ್ಲಿ ನಾಯಕರ ಆಲಿಂಗನಗಳನ್ನು ನೋಡುವ ಮಕ್ಕಳಿಗೂ ಈ ಮೂರು ಪ್ರಶ್ನೆಗಳನ್ನು ಕಲಿಸಬೇಕು.