ಹೈಫಾ ಕದನ ಮತ್ತು ಮೈಸೂರಿನ ಕುದುರೆ ಸವಾರರು

ದೆಹಲಿಯ ತೀನ್ ಮೂರ್ತಿ ಭವನದ ಹೆಸರು ಕೇಳದವರು ಕಡಿಮೆ. ಜವಾಹರಲಾಲ್ ನೆಹರೂ ವಾಸವಾಗಿದ್ದ ಮನೆ ಅದು. ಆದರೆ ಆ ಮೂರು ಮೂರ್ತಿಗಳು ಯಾರವು ಎಂದು ತರಗತಿಯಲ್ಲಿ ಕೇಳಿ ನೋಡಿ, ಉತ್ತರ ಸಿಗುವುದು ಕಷ್ಟ. ಮನೆಯ ಎದುರಿನ ವೃತ್ತದಲ್ಲಿ 1922ರಲ್ಲಿ ನಿಲ್ಲಿಸಿದ ಆ ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳನ್ನು ಪ್ರತಿನಿಧಿಸುತ್ತಾರೆ. ಅಂದರೆ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು!

ಮೊದಲ ಮಹಾಯುದ್ಧದಲ್ಲಿ ಈ ಮೂರು ದಳಗಳು ಒಂದೇ ಬ್ರಿಗೇಡಿನಲ್ಲಿದ್ದವು. ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆಯನ್ನು ಕಾದು, ಬಳಿಕ ಪ್ಯಾಲೆಸ್ತೀನಿನಲ್ಲಿ ತುರ್ಕರ ವಿರುದ್ಧ ಹೋರಾಡಿದವು. ಅವುಗಳ ಹೆಸರು ಉಳಿದದ್ದು 1918ರ ಸೆಪ್ಟೆಂಬರ್ 23ರ ಹೈಫಾ ಕದನದಿಂದ.

ಹೈಫಾ ಕಡಲ ದಂಡೆಯ ಊರು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಜೌಗು. ಬೆಟ್ಟದ ಮೇಲೆ ಫಿರಂಗಿಗಳು, ಇಳಿಜಾರಿನಲ್ಲಿ ಮೆಷಿನ್ ಗನ್‌ಗಳು. ನಮ್ಮವರ ಕೈಯಲ್ಲಿ ಭರ್ಜಿ ಮತ್ತು ಕತ್ತಿ. ಮೈಸೂರಿನ ಒಂದು ತುಕಡಿಗೆ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿಯುವ ಕೆಲಸ ಬಿತ್ತು. ಏರು ಎಷ್ಟು ಕಡಿದಾಗಿತ್ತೆಂದರೆ ದಾರಿಯಲ್ಲೇ ಕುದುರೆಗಳು ಸೋತವು. ಕೊನೆಗೆ ದಾಳಿಗೆ ಉಳಿದವರು ಸುಮಾರು 15 ಮಂದಿ. ಆದರೂ ಫಿರಂಗಿಗಳು ಕೈವಶವಾದವು. ಕೆಳಗೆ ಜೋಧಪುರದ ಸವಾರರು ಊರೊಳಗೆ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಮಡಿದರು. ಸೆರೆ ಸಿಕ್ಕವರು 1,350 ಮಂದಿ. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಮಾತ್ರ 60 ಸತ್ತವು.

ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನವೊಂದಿದೆ. ಯುದ್ಧ ಸಮಾಧಿಗಳ ಆಯೋಗ ಅದನ್ನು ಇಂದಿಗೂ ನೋಡಿಕೊಳ್ಳುತ್ತಿದೆ. ಸೆಪ್ಟೆಂಬರಿನಲ್ಲಿ ಅಲ್ಲಿ ಹೂಗುಚ್ಛ ಇಟ್ಟು ಗೌರವ ಸಲ್ಲಿಸುತ್ತಾರೆ. ನಮ್ಮ ಸೈನ್ಯವೂ ಸೆಪ್ಟೆಂಬರ್ 23ನ್ನು ಹೈಫಾ ದಿನವೆಂದು ಆಚರಿಸುತ್ತದೆ. ದೆಹಲಿಯ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರೂ ಸೇರಿತು.

ಈಜಿಪ್ಟ್ ಮತ್ತು ಪ್ಯಾಲೆಸ್ತೀನಿನಲ್ಲಿ ಮಡಿದ ಭಾರತೀಯರ ನೆನಪಿಗೆ 1926ರಲ್ಲಿ ಸೂಯೆಜ್ ಬಳಿಯ ಪೋರ್ಟ್ ತೌಫೀಕಿನಲ್ಲಿ ದೊಡ್ಡ ಸ್ಮಾರಕ ಎದ್ದಿತ್ತು. ಮುಂದೆ ಅರಬ್–ಇಸ್ರೇಲ್ ಯುದ್ಧಗಳಲ್ಲಿ ಅದು ಹಾಳಾಯಿತು. ಯುದ್ಧದ ಸ್ಮಾರಕವನ್ನು ಇನ್ನೊಂದು ಯುದ್ಧ ನುಂಗಿತು! 1980ರಲ್ಲಿ ಕೈರೋದ ಹೆಲಿಯೊಪೊಲಿಸ್ ಸ್ಮಶಾನದಲ್ಲಿ ಹೊಸ ಸ್ಮಾರಕ ಕಟ್ಟಿ ಹೆಸರುಗಳನ್ನು ಉಳಿಸಿಕೊಂಡರು. ಕಲ್ಲು ಹೋದರೂ ಪಟ್ಟಿ ಇತ್ತು, ಹಾಗಾಗಿ ಹೆಸರು ಹೋಗಲಿಲ್ಲ.

ಸತ್ತವರಿಗೆ ಕಲ್ಲು ನಿಲ್ಲಿಸುವುದು ಕನ್ನಡಿಗರಿಗೆ ಹೊಸತಲ್ಲ. ತುರುಗಳನ್ನು ಬಿಡಿಸಲು, ಊರನ್ನು ಉಳಿಸಲು ಕಾದಿ ಸತ್ತವರ ವೀರಗಲ್ಲುಗಳು ಹೊಸೂರು ಸೀಮೆಯಲ್ಲೂ ಇವೆ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದೆದುರು ಕುಳಿತ ವೀರ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೆಯ ಶತಮಾನದಲ್ಲಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದವರು ನಮ್ಮವರು. ಹೈಫಾದಲ್ಲಿ ಬಿದ್ದ ಆ 60 ಕುದುರೆಗಳ ಬೆಲೆ ಅವರಿಗೆ ತಿಳಿಯುತ್ತಿತ್ತು.

ಹೈಫಾದ ಕಲ್ಲನ್ನು ಕಾಯಲು ಆಯೋಗವಿದೆ. ಕೆರೆ ಏರಿಯ ವೀರಗಲ್ಲಿಗೆ ಯಾರಿದ್ದಾರೆ? ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ರಸ್ತೆಯ ಕೆಳಗೆ ಹೋಗಿವೆ. ಗಡಿಯಾಚೆಯ ನಮಗೆ ಇದು ಇನ್ನೂ ಹತ್ತಿರದ ಮಾತು. ಅದರ ಮೇಲಿನ ಬರಹ ಕನ್ನಡದ್ದಾದರೆ, ಅದನ್ನು ಗುರುತಿಸುವ ಮಕ್ಕಳು ನಮ್ಮ ಶಾಲೆಗಳಲ್ಲೇ ಇರಬೇಕು.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಈ ವರ್ಷ ಸೆಪ್ಟೆಂಬರ್ 23ರಂದು ತರಗತಿಯಲ್ಲಿ ಹೈಫಾ ಕಥೆ ಹೇಳಿ. ಬಳಿಕ ಮಕ್ಕಳನ್ನು ಊರಿನ ವೀರಗಲ್ಲಿನ ಬಳಿಗೆ ಕರೆದೊಯ್ಯಿರಿ. ಕಲ್ಲು ಎಲ್ಲಿದೆ, ಅದರಲ್ಲಿ ಏನಿದೆ, ಅಕ್ಷರಗಳಿವೆಯೇ ಎಂದು ಶಾಲೆಯ ಒಂದು ಪುಸ್ತಕದಲ್ಲಿ ಬರೆಯಿಸಿಡಿ. ನಾಳೆ ಆ ಕಲ್ಲು ಇಲ್ಲವಾದರೂ ಪಟ್ಟಿ ಇರುತ್ತದೆ.