ಸೆರೆಮನೆಗೆ ಬಂದ ಅಪ್ಪ

ಯಾದಗಿರಿಯ ಆಸ್ಪತ್ರೆಗೋ ಶಹಾಪುರದ ಕಡೆ ಸಾವಾದ ಮನೆಗೋ ನಮ್ಮ ಮೆಥೋಡಿಸ್ಟ್ ಸಭೆಯ ಹುಡುಗರನ್ನು ಕರೆದೊಯ್ಯುವ ಮುಂಚೆ ನಾನು ಹೇಳುವುದು ಸುರಪುರದ ಕಥೆ. ಬೈಬಲಿನ ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದು ಅವರಿಗೆ ಗೊತ್ತು. ತಮ್ಮ ನೆಲದಲ್ಲೇ ನಡೆದದ್ದು ಗೊತ್ತಿಲ್ಲ.

1841ರಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು ಸುರಪುರಕ್ಕೆ ಬಂದಾಗ ಅಲ್ಲಿನ ರಾಜ ವೆಂಕಟಪ್ಪ ನಾಯಕರು ಇನ್ನೂ ಬಾಲಕ. ತಂದೆ ಕೃಷ್ಣಪ್ಪ ನಾಯಕರು ತೀರಿಕೊಂಡ ಮೇಲೆ ಸಂಸ್ಥಾನದ ಆಡಳಿತವೂ ಹುಡುಗನ ಓದೂ ಸಾಹೇಬರ ಹೆಗಲಿಗೆ ಬಿದ್ದವು. ಆ ವರ್ಷಗಳಲ್ಲೇ ಅವರು ಹೆಂಡತಿಯನ್ನು ಕಳೆದುಕೊಂಡರು. ಹುಡುಗ ಅವರನ್ನು 'ಅಪ್ಪಾ' ಎನ್ನುತ್ತಿದ್ದ. 1853ರಲ್ಲಿ ರಾಜ್ಯವನ್ನು ಅವನಿಗೆ ಒಪ್ಪಿಸಿ ಹೊರಟರು.

1858ರ ಫೆಬ್ರುವರಿಯಲ್ಲಿ ಸುರಪುರ ಕಂಪನಿ ಸರ್ಕಾರದ ವಿರುದ್ಧ ನಿಂತು ಸೋತಿತು. ಹೈದರಾಬಾದಿಗೆ ಹೋದ ರಾಜರು ಸೆರೆಸಿಕ್ಕರು. ಅಲ್ಲಿಗೆ ಟೇಲರ್ ಹೋದರು. ರಾಜರು ಅಪ್ಪಾ ಎಂದು ಅಪ್ಪಿಕೊಂಡು ಅತ್ತದ್ದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ತಾವೇ ಗದ್ದುಗೆಯ ಮೇಲೆ ಕೂರಿಸಿದ ಹುಡುಗ ಮರಣದಂಡನೆಯ ನೆರಳಲ್ಲಿ ಕೂತಿದ್ದಾನೆ; ಎದುರಿಗಿದ್ದವರು ಅದೇ ದಂಡನೆ ಕೊಡುವ ಸರ್ಕಾರದ ನೌಕರರು. ಆದರೂ ಹೋದರು. ಬುದ್ಧಿ ಹೇಳುವ ಮುಂಚೆ ಅವನ ಅಳುವಿಗೆ ಜಾಗ ಕೊಟ್ಟರು. ನಮ್ಮಲ್ಲಿ ಎಷ್ಟೋ ಜನ ಹೊಸ್ತಿಲು ದಾಟುವಾಗಲೇ 'ಎಲ್ಲಾ ದೇವರ ಚಿತ್ತ' ಎಂದುಬಿಡುತ್ತೇವೆ.

ಆದರೆ ಟೇಲರ್ ಇನ್ನೊಂದು ಕೆಲಸವನ್ನೂ ಮಾಡಿದರು. ದಂಗೆಗೆ ಪ್ರಚೋದಿಸಿದವರ ಹೆಸರು ಹೇಳು ಎಂದರು. ರಾಜರು ಹೇಳಲಿಲ್ಲ, ಪ್ರಾಣಭಿಕ್ಷೆಯನ್ನೂ ಬೇಡಲಿಲ್ಲ. ಕಳ್ಳನಂತೆ ಗಲ್ಲಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ, ಅಲುಗಾಡದೆ ನಿಲ್ಲುತ್ತೇನೆ ಎಂದರು. ಟೇಲರರ ಪ್ರೀತಿ ನಿಜವೆಂದೇ ನಾನು ನಂಬುತ್ತೇನೆ. ಆದರೆ ಆ ಪ್ರಶ್ನೆಯ ಹೊತ್ತಿಗೆ ಅಪ್ಪ ಹೋಗಿ ಅಧಿಕಾರಿ ಬಂದಿದ್ದ. ಸೆರೆಯಲ್ಲಿದ್ದವನಿಗೆ ಅದು ತಿಳಿಯದೆ ಇದ್ದೀತೇ?

ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು, ಚೆಂಗಲ್ಪಟ್ಟಿನ ಕೋಟೆಯಲ್ಲಿ. ದಾರಿಯಲ್ಲೇ, ಹೈದರಾಬಾದಿನ ಹತ್ತಿರ ಅಂಬರಪೇಟೆಯಲ್ಲಿ, ಗುಂಡು ತಗುಲಿ ರಾಜರು ತೀರಿಕೊಂಡರು. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು.

ಸುರಪುರದ ಗುಡ್ಡದ ಮೇಲೆ ಟೇಲರರ ಬಂಗಲೆ, ಟೇಲರ್ ಮಂಜಿಲ್, ಇನ್ನೂ ಇದೆ. ಹುಡುಗರನ್ನು ಅಲ್ಲಿಗೂ ಕರೆದೊಯ್ಯುತ್ತೇನೆ, ಎರಡನ್ನೂ ಹೇಳುತ್ತೇನೆ: ಟೇಲರ್ ಸೆರೆಮನೆಗೆ ಹೋದದ್ದನ್ನೂ, ಹೆಸರು ಕೇಳಿದ್ದನ್ನೂ. ಅಳುವವರ ಬಳಿಗೆ ನಮ್ಮದೊಂದು ಕೆಲಸ ಹೊತ್ತು ಹೋಗಬಾರದು; ಸಾವಿನ ಮನೆಗೆ ಹೋಗುವಾಗ ಭಾನುವಾರದ ಆರಾಧನೆಯ ಆಹ್ವಾನಪತ್ರ ಜೇಬಿನಲ್ಲಿ ಬೇಡ ಎಂದು ಆಮೇಲೆ ಹೇಳುತ್ತೇನೆ. ಪ್ರಾರ್ಥನೆ ಕೂಡ ಮನೆಯವರು ಕೇಳಿದರೆ ಮಾತ್ರ.