ಅಧ್ಯಕ್ಷರ ಒಂದು ಮಾತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತದೆ ನಮ್ಮ ಗಾದೆ. ಇದಕ್ಕೆ ಅಮೆರಿಕದ ಇತಿಹಾಸದಿಂದ ನಿದರ್ಶನ ಕೊಡಬೇಕಾದರೆ ನಾನು 1976ರ ಅಕ್ಟೋಬರ್ 6ರ ರಾತ್ರಿಯನ್ನು ಆರಿಸಿಕೊಳ್ಳುತ್ತೇನೆ. ಅಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡರೂ ಅವರ ಪ್ರತಿಸ್ಪರ್ಧಿ ಜಿಮ್ಮಿ ಕಾರ್ಟರರೂ ಪರರಾಷ್ಟ್ರ ನೀತಿಯನ್ನು ಕುರಿತು ಟೆಲಿವಿಷನ್ನಿನಲ್ಲಿ ವಾದಕ್ಕೆ ನಿಂತರು. 1960ರಲ್ಲಿ ಕೆನೆಡಿ ಮತ್ತು ನಿಕ್ಸನ್ ಹಾಕಿಕೊಟ್ಟ ಈ ಪದ್ಧತಿ ಹದಿನಾರು ವರ್ಷ ನಿಂತುಹೋಗಿ, ಆ ವರ್ಷ ಮತ್ತೆ ಜೀವ ತಳೆದಿತ್ತು.

ಹಿಂದಿನ ವರ್ಷ ಹೆಲ್ಸಿಂಕಿಯಲ್ಲಿ 35 ರಾಷ್ಟ್ರಗಳು ಸಹಿ ಮಾಡಿದ ಒಪ್ಪಂದದಿಂದ ಪೂರ್ವ ಯೂರೋಪನ್ನು ರಷ್ಯಕ್ಕೆ ಬಿಟ್ಟುಕೊಟ್ಟಂತಾಗಲಿಲ್ಲವೇ ಎಂಬ ಅರ್ಥ ಬರುವಂತೆ ಪತ್ರಿಕೋದ್ಯೋಗಿ ಮ್ಯಾಕ್ಸ್ ಫ್ರಾಂಕೆಲ್ ಪ್ರಶ್ನೆ ಹಾಕಿದರು. ಪೂರ್ವ ಯೂರೋಪಿನ ಮೇಲೆ ಸೋವಿಯತ್ ಪ್ರಭುತ್ವವೇ ಇಲ್ಲ ಎಂದುಬಿಟ್ಟರು ಫೋರ್ಡ್. ಫ್ರಾಂಕೆಲ್ ಅಚ್ಚರಿಗೊಂಡು ಮತ್ತೆ ಕೆದಕಿದರು. ಅಧ್ಯಕ್ಷರು ಹಿಂಜರಿಯದೆ ಯುಗೋಸ್ಲಾವಿಯ, ರುಮೇನಿಯ, ಪೋಲೆಂಡುಗಳ ಹೆಸರು ಹೇಳಿ ಆಡಿದ ಮಾತನ್ನೇ ಬಲಪಡಿಸಿದರು.

1948ರಲ್ಲೇ ಮಾಸ್ಕೋದೊಡನೆ ಕಡಿದುಕೊಂಡಿದ್ದ ಟಿಟೋ ಅವರ ಯುಗೋಸ್ಲಾವಿಯದ ಮಟ್ಟಿಗೆ ಆ ಮಾತು ಸಲ್ಲಬಹುದಾಗಿತ್ತು. ಆದರೆ ಪೋಲೆಂಡು? ಅಲ್ಲಿ ಸೋವಿಯತ್ ಸೇನೆ ಬೀಡುಬಿಟ್ಟಿತ್ತು. 1956ರಲ್ಲಿ ಬುಡಾಪೆಸ್ಟಿನ ಬೀದಿಗಳಲ್ಲಿ, 1968ರಲ್ಲಿ ಪ್ರಾಗ್ ನಗರದಲ್ಲಿ ಉರುಳಿದ ಟ್ಯಾಂಕುಗಳನ್ನು ಮರೆತವರಾರು? ಪೋಲಿಷ್, ಹಂಗೇರಿಯನ್, ಚೆಕ್ ಮೂಲದ ಅಮೆರಿಕನ್ನರಿಗೆ ಇದನ್ನು ನಂಬಿಸಿ ನೋಡಲಿ ಎಂದು ಕಾರ್ಟರ್ ಒಡನೆಯೇ ಚುಚ್ಚಿದರು.

ಆ ರಾತ್ರಿ ಅಭಿಪ್ರಾಯ ಕೇಳಿದಾಗ ಫೋರ್ಡರೇ ಗೆದ್ದರೆಂದವರು ಹೆಚ್ಚು. ಮರುದಿನ ಪತ್ರಿಕೆಗಳೂ ಟೆಲಿವಿಷನ್ನೂ ಆ ಮಾತನ್ನೇ ಮತ್ತೆ ಮತ್ತೆ ಎತ್ತಿ ತೋರಿಸಿದ ಮೇಲೆ ಜನಾಭಿಪ್ರಾಯ ತಲೆಕೆಳಗಾಯಿತು. ಇದನ್ನು ಪತ್ರಿಕೆಗಳ ಕೈವಾಡವೆನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕೇಳಿದ್ದನ್ನು ಇತಿಹಾಸದೊಡನೆ ತಾಳೆ ನೋಡಲು ಸಾಮಾನ್ಯ ಜನಕ್ಕೆ ಒಂದು ದಿನ ಹಿಡಿದರೆ ಅದು ಹೆಚ್ಚೇನಲ್ಲ. ಸ್ವತಃ ಫೋರ್ಡರಿಗೆ ತಪ್ಪನ್ನು ನೇರವಾಗಿ ಒಪ್ಪಿಕೊಳ್ಳಲು ಆರು ದಿನ ಹಿಡಿಯಿತು!

ನವೆಂಬರಿನಲ್ಲಿ ಕಾರ್ಟರರಿಗೆ 297, ಫೋರ್ಡರಿಗೆ 240 ಚುನಾಯಕರ ಮತಗಳು ಬಂದವು. ಇದೊಂದೇ ಮಾತು ಅವರನ್ನು ಸೋಲಿಸಿತೆಂದು ಹೇಳಲಾರೆ. ನಿಕ್ಸನ್ನರಿಗೆ ಕೊಟ್ಟ ಕ್ಷಮಾದಾನದ ಹೊರೆಯೂ ಅವರ ಹೆಗಲ ಮೇಲಿತ್ತು.

ಆ ಜನರ ಅಂತರಂಗ ರಷ್ಯಕ್ಕೆ ಮಣಿದಿಲ್ಲ, ಆ ಪ್ರಭುತ್ವವನ್ನು ತಾವು ಒಪ್ಪುವುದಿಲ್ಲ ಎಂಬುದು ಫೋರ್ಡರ ಇಂಗಿತ. 1989ರಲ್ಲಿ ಪೋಲೆಂಡಿನ ಮತದಾರರು ಅದನ್ನು ದಿಟಮಾಡಿಯೂ ತೋರಿಸಿದರು. ಅದನ್ನು ನೆನೆದು, ಕೊನೆಗೆ ಫೋರ್ಡರ ಮಾತೇ ಸರಿಯಾಯಿತಲ್ಲ ಎನ್ನುವವರುಂಟು. ಆದರೆ "ಒಪ್ಪೆವು" ಎಂಬುದು ನೀತಿ. "ಇಲ್ಲ" ಎಂಬುದು ನೊಂದವರ ನೋವನ್ನೇ ಅಳಿಸಿಹಾಕುವ ಮಾತು. ಇಲ್ಲದ ಸಂಕೋಲೆಯನ್ನು ಯಾರೂ ಮುರಿಯಬೇಕಾಗಿರಲಿಲ್ಲ.